ತೋಟದ ಮನೆಗೆ ಎಷ್ಟು ಕಿಲೋವ್ಯಾಟ್ ಬೇಕು?

ಕನಕಪುರ ರಸ್ತೆಯ ಆಚೆಗೋ ನಂದಿಬೆಟ್ಟದ ತಪ್ಪಲಿನಲ್ಲೋ ಹಳೆಯ ತೋಟದ ಮನೆ ಇಟ್ಟುಕೊಂಡಿರುವ ಬೆಂಗಳೂರಿಗರು ಸೌರವಿದ್ಯುತ್ತಿಗಾಗಿ ನಮ್ಮ ಕಚೇರಿಗೆ ಫೋನ್ ಮಾಡಿದಾಗ ಮೊದಲು ಕೇಳುವುದು, "ಎಷ್ಟು ಕಿಲೋವ್ಯಾಟ್ ಹಾಕಿಸಬೇಕು?" ಎಂದು. ನಾನು ಮರುಪ್ರಶ್ನೆ ಹಾಕುತ್ತೇನೆ: ನೀವು ಅಲ್ಲಿ ಇಲ್ಲದಿರುವಾಗ ಏನೇನು ಓಡುತ್ತಿರುತ್ತದೆ? "ಏನೂ ಇಲ್ಲವಲ್ಲ" ಎನ್ನುವವರೇ ಹೆಚ್ಚು. ಮೀಟರ್ ಹಾಗೆನ್ನುವುದಿಲ್ಲ.

ಕಳೆದ ವರ್ಷ ಕೈಗೆತ್ತಿಕೊಂಡ ಒಂದು ಮನೆಯದೂ ಇದೇ ಕಥೆ. ಮಾವಿನ ತೋಟದ ನಡುವೆ ಮಂಗಳೂರು ಹೆಂಚಿನ ಮನೆ. ಮಾಲೀಕರು ನಿವೃತ್ತ ಅಧಿಕಾರಿ. ಬರುವುದು ಶನಿವಾರ, ಹೊರಡುವುದು ಭಾನುವಾರ ಸಂಜೆ. ಯಾರೂ ಕಾಲಿಡದ ತಿಂಗಳಲ್ಲೂ ಬಿಲ್ ಇಳಿದಿರಲಿಲ್ಲ. ಒಂದು ಉಪ್ಪಿನಕಾಯಿ ಜಾಡಿಗಾಗಿ ಹಳೆಯ ಫ್ರಿಜ್ ವಾರವಿಡೀ ಗುರುಗುಡುತ್ತಿತ್ತು. ಕಾಂಪೌಂಡಿನ ನಾಲ್ಕು ಮೂಲೆಗಳಲ್ಲಿ 60 ವ್ಯಾಟಿನ ಬಲ್ಬುಗಳು ರಾತ್ರಿಯಿಡೀ ಉರಿಯುತ್ತಿದ್ದವು. ಹನ್ನೆರಡು ಗಂಟೆಗೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 2.9 ಯೂನಿಟ್. ನಮ್ಮ ಕಡೆ 1 ಕಿಲೋವ್ಯಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಕೊಡುವುದೇ ಹೆಚ್ಚುಕಡಿಮೆ 4 ಯೂನಿಟ್. "ಆರಿಸಿದರೆ ಕಾಡುಹಂದಿ ನುಗ್ಗುತ್ತವೆ ಸ್ವಾಮಿ" ಎಂದರು ತೋಟ ನೋಡಿಕೊಳ್ಳುವವರು. ಅವರ ಮಾತು ನ್ಯಾಯವಾಗಿತ್ತು. ದೀಪ ಉಳಿಯಿತು, 9 ವ್ಯಾಟಿನ ಎಲ್‌ಇಡಿ ಬಂತು. ಖರ್ಚು ಅರ್ಧ ಯೂನಿಟ್ಟಿಗೂ ಕೆಳಗಿಳಿಯಿತು.

ರಜೆಯ ಮನೆಯ ನಿಜವಾದ ತೊಡಕು ಬೇರೆಯೇ ಇದೆ. ಬಿಸಿಲು ಬೀಳುವುದು ಏಳು ದಿನ, ಜನ ಇರುವುದು ಎರಡೇ ದಿನ. ದೊಡ್ಡ ಬ್ಯಾಟರಿ ಹಾಕಿದರೆ ಮಂಗಳವಾರದೊಳಗೆ ತುಂಬಿಕೊಳ್ಳುತ್ತದೆ, ಆಮೇಲಿನ ಬಿಸಿಲೆಲ್ಲ ದಂಡ. ಹಾಗೆಂದು ಬೆಸ್ಕಾಂ ಜಾಲಕ್ಕೆ ಮಾತ್ರ ಜೋಡಿಸಿ ನೆಟ್ ಮೀಟರಿಂಗ್ (ಜಾಲಕ್ಕೆ ಕೊಟ್ಟ ಹೆಚ್ಚುವರಿ ವಿದ್ಯುತ್ತನ್ನು ಬಿಲ್ಲಿನಲ್ಲಿ ಲೆಕ್ಕಕ್ಕೆ ಹಿಡಿಯುವ ಏರ್ಪಾಡು) ಮಾಡಿಸಿದರೂ ಸಾಲದು. ಲೈನ್‌ಮನ್‌ಗಳಿಗೆ ಅಪಾಯವಾಗಬಾರದೆಂದು, ಕರೆಂಟ್ ಹೋದ ಕೂಡಲೇ ಅಂಥ ಇನ್ವರ್ಟರ್ ತಾನೂ ನಿಂತುಬಿಡುತ್ತದೆ. ಮೇಲೆ ಬಿಸಿಲು ಸುಡುತ್ತಿದ್ದರೂ ಒಳಗೆ ಫ್ಯಾನ್ ತಿರುಗುವುದಿಲ್ಲ. ಕರೆಂಟ್ ಕೈಕೊಡುವ ಹಳ್ಳಿಯ ಲೈನಿಗೆ, ಜಾಲ ಮತ್ತು ಬ್ಯಾಟರಿ ಎರಡರ ಜೊತೆಗೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್ ಮತ್ತು ಚಿಕ್ಕ ಬ್ಯಾಟರಿಯೇ ಸರಿ ಎಂಬುದು ನನ್ನ ನಿಲುವು.

ಬ್ಯಾಟರಿಗೆ ದೀಪ, ಫ್ಯಾನ್, ವೈಫೈ ಅಷ್ಟೇ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯಲ್ಲಿರುವುದು 1.8 ಯೂನಿಟ್, ಅದು ಬಾಳಬೇಕೆಂದರೆ ಅರ್ಧದಷ್ಟು ಮಾತ್ರ ಬಳಸಬೇಕು. 2 ಕಿಲೋವ್ಯಾಟ್ ಗೀಸರ್ ಅದನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಮಾಲೀಕರಿಗೆ ಸೋಲಾರ್ ವಾಟರ್ ಹೀಟರ್ ಮೇಲೆ ಆಸೆಯಿತ್ತು. ಬೋರ್‌ವೆಲ್ಲಿನ ಗಡಸು ನೀರು ಐದು ದಿನ ನಿಂತಲ್ಲೇ ಕಾದರೆ ಟ್ಯೂಬುಗಳಲ್ಲಿ ಬಿಳಿಯ ಪದರ ಕಟ್ಟುತ್ತದೆ. ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಗಟ್ಟಿಯಾಗಿಯೇ ಇತ್ತು, ತೋಟದಲ್ಲಿ ಒಣಗರಿಗೆ ಬರವಿಲ್ಲ. ಹೊಗೆಕೊಳವೆ ದುರಸ್ತಿ ಮಾಡಿಸಿದೆವು, ಅಷ್ಟೇ. (ಎಣ್ಣೆಸ್ನಾನಕ್ಕೆ ಹಂಡೆಯ ನೀರಿಗೆ ಸಾಟಿಯಿಲ್ಲ ಎಂದು ಮಾಲೀಕರ ಮನೆಯವರು ಮೊದಲೇ ಹೇಳಿದ್ದರಂತೆ.)

ಪಂಪ್ ಹಗಲಿನಲ್ಲೇ ಓಡಬೇಕು. ಮೇಲಿನ ನೀರಿನ ಟ್ಯಾಂಕ್ ಎನ್ನುವುದು ಎಲ್ಲಕ್ಕಿಂತ ಅಗ್ಗದ ಬ್ಯಾಟರಿ. ಅದಕ್ಕಿಂತಲೂ ಒಳ್ಳೆಯದು ನೀರನ್ನು ಎತ್ತದೇ ಇರುವುದು. 120 ಚದರ ಮೀಟರ್ ಹೆಂಚಿನ ಮೇಲೆ ವರ್ಷಕ್ಕೆ 900 ಮಿಲಿಮೀಟರ್ ಮಳೆ ಬಿದ್ದು ಐದರಲ್ಲಿ ನಾಲ್ಕು ಪಾಲು ಕೈಗೆ ಸಿಕ್ಕಿದರೂ 86,000 ಲೀಟರ್ ಆಗುತ್ತದೆ. ಸೂರಿನಂಚಿನಲ್ಲಿ ಮಳೆನೀರು ಹರಿಯುವ ದೋಣಿಯಲ್ಲಿ ಮಾವಿನೆಲೆ ಕಟ್ಟಿಕೊಳ್ಳುತ್ತದೆ. ಮುಂಗಾರಿಗೆ ಮುಂಚೆ ಗುಡಿಸಿ, ಮೊದಲ ಮಳೆಯನ್ನು ಹೊರಗೆ ಬಿಡಬೇಕು.

ಹಳೆಯ ಹೆಂಚಿನ ಮೇಲೆ ಫಲಕ ಕೂರಿಸಲು ನಾನು ಒಪ್ಪುವುದಿಲ್ಲ. ಜಂತಿಯ ಒಳಗೆ ಗೆದ್ದಲು ಎಷ್ಟು ತಿಂದಿದೆಯೆಂದು ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಮರದ ನೆರಳು ಒಂದು ಫಲಕದ ಮೂಲೆಗೆ ತಾಗಿದರೂ ಸಾಲಿನ ಉತ್ಪಾದನೆ ಕುಸಿಯುತ್ತದೆ. ಹೀಗಾಗಿ ಬಾವಿಯ ಪಕ್ಕದ ಬಯಲಿನಲ್ಲಿ, ನೆಲದ ಮೇಲೆ, ದಕ್ಷಿಣಕ್ಕೆ 13 ಡಿಗ್ರಿ ಓರೆಯಾಗಿ ನಿಲ್ಲಿಸಿದೆವು. ಹಗಲಲ್ಲೂ ಕತ್ತಲೆಯಿದ್ದ ಅಡುಗೆಮನೆಗೆ ಕೆಲವು ಗಾಜಿನ ಹೆಂಚು ಸಾಕಾದವು.

ವೈರಿಂಗ್ ಎರಡು ಭಾಗವಾಯಿತು: ತೋಟದವರ ದೀಪ, ಪಂಪ್ ಒಂದು ಕಡೆ; ಉಳಿದದ್ದಕ್ಕೆಲ್ಲ ಮುಂಬಾಗಿಲ ಬಳಿ ಒಂದೇ ಸ್ವಿಚ್, ಹೊರಡುವಾಗ ಆರಿಸಲು. ಫ್ರಿಜ್ ಕೂಡ ಅದರಲ್ಲೇ. 5 ಕಿಲೋವ್ಯಾಟ್ ಬೇಕೆಂದು ಬಂದಿದ್ದವರಿಗೆ 2 ಸಾಕಾಯಿತು. ಉಳಿದ ಹಣದಲ್ಲಿ ಅವರು ಗೆದ್ದಲು ಹಿಡಿದ ಜಂತಿಗಳನ್ನು ಬದಲಾಯಿಸಿಕೊಂಡರು.