ಹೂ, ತಂತಿ, ಕೊಡಲಿ: ಇನುಗಾಮಿ ಸಬ್‌ಟೈಟಲ್ ಕೆಲಸ, ನಾಲ್ಕನೇ ಬರಹ

ನಿನ್ನೆ ರಾತ್ರಿ ಒಂದೂವರೆಗೆ ಮೂರು ಪದ ಸಿಕ್ಕಿದವು. ಒಂದು ಜಪಾನಿ ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಮಾಡುತ್ತಾ ನಾಲ್ಕು ತಿಂಗಳಿಂದ ಹುಡುಕುತ್ತಿದ್ದ ಮೂರೇ ಮೂರು ಪದ. ಖುಷಿಗೆ ನಿದ್ದೆ ಬರಲಿಲ್ಲ, ಬೆಳಿಗ್ಗೆ ಎದ್ದವನೇ ಇದನ್ನು ಬರೆಯುತ್ತಿದ್ದೇನೆ.

ಮುಂದೆ ಕಥೆಯ ಗುಟ್ಟುಗಳು ಬರುತ್ತವೆ. ಆ ಸಿನಿಮಾ, ನಿರ್ದೇಶಕ ಕೊನ್ ಇಚಿಕಾವಾ ಅವರ 1976ರ 'ಇನುಗಾಮಿ ಮನೆತನ', ನೋಡಿಲ್ಲದವರು ಮೊದಲು ಸಿನಿಮಾ ನೋಡಿ ಬನ್ನಿ. ಕೊನೆಯಲ್ಲಿ 'ಗೊಕುಮೊನ್ ದ್ವೀಪ'ದ ಗುಟ್ಟೂ ಒಂದಿದೆ.

ಟೈಮಿಂಗ್, ಸಾಲು ಒಡೆಯೋದು, ಟಿವಿಯಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ ಆಗೋದು, ಇದೆಲ್ಲ ನಿಮಗೆ ಗೊತ್ತಿರುವ ಪಾಡೇ. 146 ನಿಮಿಷದಲ್ಲಿ ಇನ್ನು ಕೊನೆಯ 20 ನಿಮಿಷ ಉಳಿದಿದೆ. ಶುರುವಿನ ಹೆಸರುಗಳನ್ನು ಹಾಗೇ ಬಿಟ್ಟಿದ್ದೇನೆ. ಅಷ್ಟು ದೊಡ್ಡ ಅಕ್ಷರ, ಪರದೆಯ ಅಂಚಿಗೆ ಬಂದು ಮೂಲೆಯಲ್ಲಿ ತಿರುಗುವ ಸಾಲು. ಅದರ ಮೇಲೆ ಕನ್ನಡ ಬರೆಯಲು ಕೈ ಬರಲಿಲ್ಲ. ಅದು ಇಚಿಕಾವಾ ಅವರ ಕೈಬರಹ ಇದ್ದ ಹಾಗೆ, ಅಲ್ವಾ?

ಡಿಸ್ಕ್ ಕಥೆ ಮಾತ್ರ ಹೇಳಲೇಬೇಕು. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಗೆ 1976ರ ಡಿಸ್ಕ್ ಅಂತ ಸ್ಪಷ್ಟವಾಗಿ ಬರೆದು ದುಡ್ಡು ಕಟ್ಟಿದ್ದೆ. ಐದು ವಾರ ಆದ ಮೇಲೆ ಬಂದದ್ದು 2006ರದ್ದು. ಇಚಿಕಾವಾ ತಮ್ಮದೇ ಸಿನಿಮಾವನ್ನು 30 ವರ್ಷದ ನಂತರ ಮತ್ತೆ ಮಾಡಿದರು. ಪತ್ತೇದಾರ ಕಿಂದಾಯ್ಚಿಯಾಗಿ ಆಗಲೂ ಕೊಜಿ ಇಶಿಜಾಕಾ, ಈಗಲೂ ಅವರೇ. ಎಷ್ಟೋ ದೃಶ್ಯ ಒಂದೇ ಥರ. ಆದರೆ ಉದ್ದ ಬೇರೆ, ಹಾಗಾಗಿ ನನ್ನ ಟೈಮಿಂಗ್ ಒಂದೂ ಕೂಡಲಿಲ್ಲ. ವಾಪಸ್ ಕೇಳಿದರೆ "ಕಥೆ ಅದೇ ತಾನೇ" ಎಂಬ ಉತ್ತರ! ಎರಡನೇ ಸಲ ಸರಿಯಾದದ್ದು ಬಂತು. ಬ್ಲೂ-ರೇ ಡಿಸ್ಕಿಗೆ ದೇಶವಾರು ಬೀಗ ಇರುತ್ತದಲ್ಲ, ಅದು ಜಪಾನಿನ ರೀಜನ್ 'ಎ', ನಮ್ಮದು 'ಸಿ'. ಪ್ಲೇಯರ್ ಬೇರೆ ಹುಡುಕಬೇಕಾಯಿತು.

ಈಗ ಆ ಮೂರು ಪದಕ್ಕೆ ಬರುತ್ತೇನೆ.

ಇನುಗಾಮಿ ಮನೆಯ ಹಿರಿಯ ಸಾಹೆಯ್ ಸಾಯುತ್ತಾರೆ. ವಕೀಲರು ಉಯಿಲು ಓದುತ್ತಾರೆ. ಆ ಮನೆಯಲ್ಲೇ ಇರುವ ತಮಾಯೊ ಎಂಬ ಹುಡುಗಿ ಮೂರು ಮೊಮ್ಮಕ್ಕಳಲ್ಲಿ ಒಬ್ಬನನ್ನು ಮದುವೆಯಾದರೆ ಆಸ್ತಿ ಅವಳ ಪಾಲಿಗೆ. ಜೊತೆಗೆ ಮನೆತನದ ಮೂರು ಕುಲನಿಧಿ: ಕೊಡಲಿ, ಕೊತೊ ವಾದ್ಯ, ಸೇವಂತಿಗೆ. ಜಪಾನಿಯಲ್ಲಿ ಯೊಕಿ, ಕೊತೊ, ಕಿಕು. ಮೂರನ್ನೂ ಒಟ್ಟಿಗೆ ಹೇಳಿದರೆ ಕಿವಿಗೆ ಬೀಳೋದು "ಒಳ್ಳೆಯ ಸುದ್ದಿ ಕೇಳು" ಅಂತ. ಇದು ಹಳೆಯ ಶುಭದ ಮಾತು. ಜಪಾನಿನ ಕಬುಕಿ ನಾಟಕದ ನಟರಾದ ಓನೊಯೆ ಕಿಕುಗೊರೊ ಮನೆತನದವರ ಬಟ್ಟೆಯ ವಿನ್ಯಾಸದಲ್ಲೂ ಇದೇ ಮೂರು ಇವೆ. ಆ ಶುಭದ ಮಾತನ್ನೇ ಕೊಲೆಗಾರ್ತಿಯ ಮನೆ ತಲೆಕೆಳಗು ಮಾಡುತ್ತದೆ. ಮೊದಲನೆಯವನ ರುಂಡ ಸೇವಂತಿಗೆ ಗೊಂಬೆಯ ಮೇಲೆ. ಎರಡನೆಯವನ ಕತ್ತಿಗೆ ಕೊತೊ ತಂತಿ. ಮೂರನೆಯದು ಕೊಡಲಿಯ ಸರದಿ. ಕನ್ನಡ ನೋಡುಗನಿಗೆ ಬರೀ "ಕೊಡಲಿ, ವೀಣೆ, ಸೇವಂತಿಗೆ" ಅಂತ ಕೊಟ್ಟರೆ ಸಾಮಾನಿನ ಪಟ್ಟಿ ಸಿಕ್ಕೀತು, ಎದೆ ನಡುಗೋದಿಲ್ಲ.

ಮೊದಲು ವಿವರಣೆ ಸೇರಿಸಿ ನೋಡಿದೆ. ಮೂರು ಸೆಕೆಂಡಿನಲ್ಲಿ ಓದಿ ಮುಗಿಸೋಕೆ ಆಗೋದಿಲ್ಲ. ಆಮೇಲೆ ಒಂದು ಆಸೆ ಹುಟ್ಟಿತು. ಜಪಾನಿಯ 'ಕಿಕು' ಅಂದರೆ ಕಿವಿಯಿಂದ ಕೇಳೋದೂ ಹೌದು, ಪ್ರಶ್ನೆ ಕೇಳೋದೂ ಹೌದು. ನಮ್ಮ 'ಕೇಳು' ಕೂಡ ಎರಡಕ್ಕೂ ಆಗುತ್ತದೆ! ಇಷ್ಟು ಹತ್ತಿರದ ಜೋಡಿ ಸಿಕ್ಕ ಮೇಲೆ ಬಿಡೋದು ಹೇಗೆ? 'ಕೇಳು' ಅಂತ ಕೇಳಿಸುವ ಹೂವಿಗಾಗಿ ಒಂದು ತಿಂಗಳು ಹುಡುಕಿದೆ. ಕೇದಿಗೆ, ಕಣಗಿಲೆ, ಕೆಂಡಸಂಪಿಗೆ. ಒಂದೂ ಹೊಂದಲಿಲ್ಲ.

ಕಳೆದ ವಾರ ಪಕ್ಕದ ಮನೆ ಅಜ್ಜಿಗೆ ಮಾತ್ರೆ ತಂದುಕೊಟ್ಟೆ. ಅವರು ತಲೆ ಮೇಲೆ ಕೈಯಿಟ್ಟು "ದೇವರು ನೂರು ವರ್ಷ ಆಯಸ್ಸು ಕೊಡಲಿ" ಅಂದರು. ನಾನು ಅಲ್ಲೇ ನಿಂತುಬಿಟ್ಟೆ. ಕೊಡಲಿ! ಮರ ಕಡಿಯುವುದೂ ಅದೇ, ಹರಸುವುದೂ ಅದೇ. ದಿನಾ ಆಡುವ ಮಾತು. ಜಪಾನಿಯಲ್ಲಿ ಹೂವು ಕ್ರಿಯಾಪದ ಆಗುತ್ತದೆ, ಕನ್ನಡದಲ್ಲಿ ಕೊಡಲಿ ಆಗಬೇಕು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ ಸಾಲು ಹಿಂದುಮುಂದಾಗುತ್ತದೆ: ಹೂ, ವಾದ್ಯ, ಕೊಡಲಿ. ಇದು ಕೊಲೆಗಳ ಸರಣಿಯೇ! ಇದನ್ನು ನಾನು ಮಾಡಿದ್ದಲ್ಲ, ಭಾಷೆ ತಾನಾಗಿ ಮಾಡಿಕೊಟ್ಟಿತು. "ಕುಲಕ್ಕೆ ಮೃತ್ಯು ಕೊಡಲಿ ಕಾವು" ಎಂಬ ಗಾದೆ ಹಿಂದೆಯೇ ನೆನಪಾಯಿತು. ಇನುಗಾಮಿ ಮನೆಯ ಕಥೆಗೆ ಬೇರೆ ಟಿಪ್ಪಣಿ ಬೇಡ.

ಹೂವಿನ ಕೆಲಸವೂ ಸುಲಭವಾಯಿತು. ದೇವರ ಮುಂದೆ ಕೂತು ಪ್ರಸಾದ ಕೇಳುತ್ತೇವೆ, ಬಲಗಡೆ ಹೂ ಬಿದ್ದರೆ "ದೇವರು ಹೂ ಕೊಟ್ಟ" ಅನ್ನುತ್ತೇವೆ. ಶುಭಸುದ್ದಿಗೆ ಇದಕ್ಕಿಂತ ಹತ್ತಿರದ್ದು ಬೇಕಾ?

ಉಳಿದದ್ದು ನಡುವಿನ ವಾದ್ಯ. 'ವೀಣೆ' ಅಂದ ತಕ್ಷಣ ನಮ್ಮ ಕಣ್ಣಿಗೆ ಸರಸ್ವತಿ ಬಂದು ಕೂರುತ್ತಾಳೆ. ಕೊತೊ ಬೇರೆಯೇ ವಾದ್ಯ. 13 ತಂತಿ, ನೆಲದ ಮೇಲೆ ಉದ್ದಕ್ಕೆ ಮಲಗಿಸಿ ನುಡಿಸೋದು, ಮೆಟ್ಟಿಲಿಲ್ಲ, ಬದಲಿಗೆ ತಂತಿಯನ್ನು ಎತ್ತಿಹಿಡಿಯುವ, ಸರಿಸಬಹುದಾದ ಕುದುರೆಗಳು. "ಹೂ ವೀಣೆ ಕೊಡಲಿ" ಅಂದರೆ ಅರ್ಥವೂ ಹುಟ್ಟೋದಿಲ್ಲ. 'ಸ್ವರ' ಇಟ್ಟು ನೋಡಿದೆ. "ಹೂ ಸ್ವರ ಕೊಡಲಿ" ಓದಲು ಚೆಂದ, ಆದರೆ ಪರದೆ ಮೇಲೆ ಕಾಣುವ ವಸ್ತುವಿಗೆ ಅದು ಹೆಸರಲ್ಲ.

ನಿನ್ನೆ ರಾತ್ರಿ ಸುಮ್ನೆ ಜಪಾನಿ ಮಾತನ್ನೇ ಮತ್ತೆ ನೋಡುತ್ತಿದ್ದೆ. ಕೊಡಲಿಗೆ ಜಪಾನಿಯಲ್ಲಿ ಎಲ್ಲರೂ ಹೇಳುವ ಪದ 'ಓನೊ'. 'ಯೊಕಿ' ಹಳ್ಳಿಯ ಕಡೆಯ, ಹಳೆಯ ಪದ. ಅಂದರೆ ಆ ಶುಭದ ಮಾತು ಕಟ್ಟಿದವರೂ ಬಳಕೆಯ ಪದ ಬಿಟ್ಟು ತಮಗೆ ಬೇಕಾದ್ದನ್ನು ಆರಿಸಿಕೊಂಡಿದ್ದಾರೆ! ಹಾಗಾದರೆ ನಾನೂ ವಾದ್ಯದ ಹೆಸರಿಗೇ ಜೋತುಬೀಳಬೇಕಿಲ್ಲ. ವಾದ್ಯದಲ್ಲಿ ಏನಿದೆ? ತಂತಿ. ಎರಡನೇ ಕೊಲೆಯಲ್ಲಿ ಕತ್ತಿಗೆ ಬೀಳೋದು ಏನು? ತಂತಿ. ಹಿಂದಿನ ಕಾಲದಲ್ಲಿ ಮನೆಗೆ ಸುದ್ದಿ ತರುತ್ತಿದ್ದುದು ಏನು? ತಂತಿ, ಅಂದರೆ ಟೆಲಿಗ್ರಾಂ!

ಪರದೆಯ ಮೇಲೆ ಈಗ ಎರಡು ಸಾಲು ಬರುತ್ತವೆ:

ಹೂ, ತಂತಿ, ಕೊಡಲಿ.
ಹೂ ತಂತಿ ಕೊಡಲಿ!

ಅಲ್ಪವಿರಾಮ ತೆಗೆದರೆ ಪಟ್ಟಿ ಹಾರೈಕೆಯಾಗುತ್ತದೆ. ದೇವರ ಹೂವೇ ಸುದ್ದಿ ಕಳಿಸಲಿ. ಹದಿನಾಲ್ಕು ಪದದ ವಿವರಣೆ ಮಾಡದ ಕೆಲಸವನ್ನು ಇದು ಮಾಡುತ್ತದೆ.

ಬೆಳಿಗ್ಗೆ ಚಿಕ್ಕಮ್ಮನಿಗೆ ಆ ದೃಶ್ಯ ತೋರಿಸಿದೆ. ಎರಡನೇ ಸಾಲು ಬಂದ ಕೂಡಲೇ ಮುಖ ಬದಲಾಯಿತು. "ನಮ್ಮ ಕಾಲದಲ್ಲಿ ತಂತಿ ಬಂತು ಅಂದರೆ ಓದೋದಕ್ಕೆ ಮೊದಲೇ ಅಳು ಶುರುವಾಗೋದು" ಅಂದರು. ಸಾವಿನ ಸುದ್ದಿಗೇ ಜಾಸ್ತಿ ತಂತಿ ಬರುತ್ತಿತ್ತಲ್ಲ! ಶುಭದ ಮಾತಿನೊಳಗೆ ಸಾವು ಕೂತಿರಬೇಕು ಅಂತ ಮೂಲ ಕಾದಂಬರಿಕಾರ ಸೆಯ್ಶಿ ಯೊಕೊಮಿಜೊ 1950ರಲ್ಲಿ ಈ ಕಥೆಯನ್ನು ಧಾರಾವಾಹಿಯಾಗಿ ಶುರು ಮಾಡಿದಾಗ ಇಟ್ಟ ಲೆಕ್ಕ, ಚಿಕ್ಕಮ್ಮನ ಮುಖದಲ್ಲಿ ಕಂಡಿತು. ಹದಿನೈದು ವರ್ಷದ ಅವರ ಮೊಮ್ಮಗನಿಗೆ ಮಾತ್ರ ಹೊಳೆಯಲಿಲ್ಲ. ನಮ್ಮಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈನಲ್ಲಿ, ಅವನಿಗೆ ಹೇಗೆ ಗೊತ್ತಾಗಬೇಕು? ಶುರುವಿನಲ್ಲಿ ಕಿಂದಾಯ್ಚಿಯನ್ನು ಕರೆಸುವ ಪತ್ರವನ್ನು 'ತಂತಿ' ಅಂತ ಮಾಡಿದರೆ ಪದ ಮೊದಲೇ ಕಿವಿಗೆ ಬೀಳುತ್ತಿತ್ತು. ಆದರೆ ಪತ್ರ ಪತ್ರವೇ. ಅದನ್ನು ಮುಟ್ಟೋದಿಲ್ಲ.

ಕಾದಂಬರಿಯಲ್ಲಿ ಇನ್ನೊಂದು ಆಟ ಇದೆ, ಅದು ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕೆರೆಯಲ್ಲಿ ತಲೆಕೆಳಗಾಗಿ, ಕಾಲು ಮಾತ್ರ ಮೇಲೆ ಕಾಣುವ ಹೆಣ. ಮೊಮ್ಮಕ್ಕಳಲ್ಲಿ ಒಬ್ಬನಾದ ಸು-ಕೆ-ಕಿ-ಯೊ ಹೆಸರನ್ನು ತಿರುಗಿಸಿ: ಯೊ-ಕಿ-ಕೆ-ಸು. ಅರ್ಧ ನೀರಲ್ಲಿ ಮುಳುಗಿಸಿ, ಉಳಿಯೋದು ಯೊಕಿ. ನಮ್ಮ ಅಕ್ಷರಗಳೂ ಜಪಾನಿನ ಕಾನಾ ಲಿಪಿಯ ಥರ ಉಚ್ಚಾರದ ತುಂಡುಗಳೇ. ಅದಕ್ಕೇ ಒಂದು ಅಕ್ಷರವೂ ಕದಲದೆ ತಿರುಗುತ್ತದೆ.

ಮುಂದಿನದು ಇಚಿಕಾವಾ ಅವರದೇ 1977ರ 'ಗೊಕುಮೊನ್ ದ್ವೀಪ'. ಅಲ್ಲಿನ ಗಂಟು ಇದಕ್ಕಿಂತ ಬಿಗಿ. ಮರಕ್ಕೆ ತಲೆಕೆಳಗಾಗಿ ನೇತುಹಾಕಿದ ಹುಡುಗಿಯ ಹೆಣ ನೋಡಿ ಸನ್ಯಾಸಿ "ಕಿಚಿಗಾಯ್, ಏನು ಮಾಡೋದು" ಅಂತ ಗೊಣಗುತ್ತಾರೆ. ಕಿಂದಾಯ್ಚಿಗೆ 'ಹುಚ್ಚು' ಅಂತ ಕೇಳಿಸುತ್ತದೆ. ಸನ್ಯಾಸಿ ಹೇಳಿದ್ದು 'ಋತು ತಪ್ಪು'. ಹೆಣ ಇಟ್ಟ ರೀತಿ ಒಂದು ವಸಂತದ ಹಾಯ್ಕುವಿನದು, ಕೊಲೆಯಾದದ್ದು ಶರತ್ಕಾಲದಲ್ಲಿ. ಸದ್ಯಕ್ಕೆ ನನ್ನ ಕೈಯಲ್ಲಿರೋದು "ಕಾಲ ಸರಿಯಿಲ್ಲ, ಏನು ಮಾಡೋದು". ಯಾರಾದರೂ ಸತ್ತಾಗ ಎಲ್ಲರೂ ಆಡುವ ಮಾತು, ಯಾರಿಗೂ ಅನುಮಾನ ಬರೋದಿಲ್ಲ. ಆಮೇಲೆ 'ಕಾಲ' ಅಂದರೆ ಋತು ಅಂತ ತಿಳಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಹುಚ್ಚಿನ ಜಾಡು ಪೂರಾ ತಪ್ಪಿಹೋಗುತ್ತದೆ. ಆ ಮನೆಯಲ್ಲಿ ಕೂಡಿಹಾಕಿರುವ ಹುಚ್ಚ ಅಪ್ಪನ ಮೇಲೆ ಅನುಮಾನ ಹುಟ್ಟೋದೇ ಆ ಒಂದು ಪದದಿಂದ. ಹುಚ್ಚು ಮತ್ತು ಋತು ಎರಡೂ ಇರುವ ಕನ್ನಡದ ಮಾತು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ, ಯಾವ ಊರಿನ ಆಡುಮಾತಾದರೂ ಸರಿ.