ನಾಲ್ಕನೆಯ ವೀಳ್ಯದೆಲೆ

ಮಾಘ ಹುಣ್ಣಿಮೆಯ ಬೆಳಿಗ್ಗೆ ತಿರುಮಕೂಡಲಿನ ಮೆಟ್ಟಿಲ ಮೇಲೆ ಸಂಕಲ್ಪಕ್ಕೆ ಕುಳಿತವನು ನದಿಯ ಹೆಸರು ಬಂದಾಗ ಬಾಯಿತಪ್ಪಿ "ಕಬಿನಿ" ಎಂದುಬಿಟ್ಟೆ. ಪುರೋಹಿತರು ಕಣ್ಣು ತೆರೆಯದೆಯೇ ತಿದ್ದಿದರು. "ಕಪಿಲಾ ಎನ್ನಿ. ಕಬಿನಿ ಎನ್ನುವುದು ಅಣೆಕಟ್ಟಿನ ಬೋರ್ಡಿಗೆ."

ಮಂಡಿನೋವು ಇಳಿದರೆ ಮೂರು ಹೊಳೆ ಕೂಡುವಲ್ಲಿ ಮೀಯುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದಳು. ನೋವೇನೂ ಪೂರ್ತಿ ಹೋಗಿರಲಿಲ್ಲ. "ಮೆಟ್ಟಿಲು ಇಳಿಯುವಷ್ಟು ಕೊಟ್ಟಿದ್ದಾನಲ್ಲ, ಸಾಕು" ಎಂದು ಮೈಸೂರಿನಿಂದ ಮೊದಲ ಬಸ್ಸಿಗೇ ಹೊರಡಿಸಿದಳು. ಮೂರು ಎಂದರೆ ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ. ಇಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ. ಆ ಜನಜಂಗುಳಿ ಅಮ್ಮನಿಗೆ ಆಗದು, ನನಗೂ ಆಗದು.

ಅಮ್ಮ ಹುಣಸೂರಿನವಳು. ಅವಳ ಊರಿನ ಪಕ್ಕ ಹರಿಯುವುದು ಲಕ್ಷ್ಮಣತೀರ್ಥ, ಮನೆಯವರ ಬಾಯಲ್ಲಿ ಬರೀ 'ಹೊಳೆ'. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬೆಟ್ಟಕ್ಕೆ ಬಾಣ ಹೊಡೆದು ನೀರು ಚಿಮ್ಮಿಸಿದನಂತೆ. ಆ ಬೆಟ್ಟ ಕೊಡಗಿನ ತೆಂಕಣದ ಬ್ರಹ್ಮಗಿರಿ. ಇರ್ಪುವಿನಲ್ಲಿ ಧುಮುಕಿ, ಹುಣಸೂರು ದಾಟಿ, ಕನ್ನಂಬಾಡಿಯ ಹಿನ್ನೀರು ಸೇರಿದ ಮೇಲೆ ಲಕ್ಷ್ಮಣತೀರ್ಥವೆಂಬ ಹೆಸರೇ ಇಲ್ಲ, ಎಲ್ಲವೂ ಕಾವೇರಿ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲು ವಯನಾಡಿನದು. ಅಲ್ಲಿ, ತಿರುನೆಲ್ಲಿಯಲ್ಲಿ, ಜನ ಪಿತೃಗಳಿಗೆ ಪಿಂಡ ಬಿಡುವ ಪಾಪನಾಶಿನಿ ಎಂಬ ತೊರೆಯಿದೆ. ಅದು ಕಾಳಿಂದಿಯಾಗಿ, ಕಬಿನಿಯಾಗಿ, ಎಚ್.ಡಿ. ಕೋಟೆಯ ಕಾಡು ಹಾದು, ನಂಜುಂಡನ ಪಾದದ ಬಳಿ ಬರುವಷ್ಟರಲ್ಲಿ ಕಪಿಲೆ. ಒಂದೇ ಬೆಟ್ಟದ ನೆತ್ತಿಯಲ್ಲಿ ಸುರಿದ ಮಳೆ ಎರಡು ಕಡೆಗೆ ಹೊರಳಿ, ಇಷ್ಟೊಂದು ಹೆಸರು ತೊಟ್ಟು ಕಳಚಿ, ಈ ಮೆಟ್ಟಿಲ ಮುಂದೆ ಮತ್ತೆ ಕೂಡುತ್ತದೆ. ಶಾಲೆಯ ನಕ್ಷೆಯಲ್ಲಿ ಇದನ್ನೆಲ್ಲ ನೋಡಿದ್ದೆ. ನಡುಮಟ್ಟ ನೀರಿನಲ್ಲಿ ಅಮ್ಮನ ಕೈ ಹಿಡಿದು ನಿಂತಾಗ ಮೈ ಜುಮ್ಮೆಂದಿತು.

ಕವೇರ ಮುನಿಯ ಮಗಳಾದ್ದರಿಂದ ಅವಳು ಕಾವೇರಿ. ಅಗಸ್ತ್ಯರ ಕಮಂಡಲದಿಂದ ತಪ್ಪಿಸಿಕೊಂಡು ಹರಿದವಳು. ಅದೇ ಅಗಸ್ತ್ಯರು ಇಲ್ಲಿ ಮರಳಿನಲ್ಲಿ ಲಿಂಗ ಮಾಡಿ ಪೂಜಿಸಿದರು ಎನ್ನುತ್ತಾರೆ. ಬಿಟ್ಟುಹೋದವಳನ್ನು ಕಾಯುತ್ತ ದಡದಲ್ಲಿ ಕುಳಿತರೇನೋ ಎಂದು ನನಗೆ ಅನಿಸುತ್ತದೆ. ಶಾಸ್ತ್ರ ಬಲ್ಲವರು ಒಪ್ಪಲಿಕ್ಕಿಲ್ಲ. ಹೊಳೆಯಾಚೆ ನರಸೀಪುರದ ನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದಕ್ಕೆ ಅದು ಗುರುತು. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕೆಂಪು ಕಾಳು, ಮೂತಿಯಲ್ಲಿ ಕಪ್ಪು ಚುಕ್ಕೆ. ದೇವರು ಜಂಬಕ್ಕೂ ಅಷ್ಟೇ ಅಳತೆ ಇಟ್ಟುಕೊಂಡಿದ್ದಾನೆ.

ಮಿಂದಾದ ಮೇಲೆ ಅಮ್ಮ ಚೀಲದಿಂದ ವೀಳ್ಯದೆಲೆ ತೆಗೆದಳು. ಒಂದೊಂದರ ಮೇಲೂ ಅರಿಸಿನ, ಕುಂಕುಮ, ಒಂದು ಎಸಳು ಸೇವಂತಿಗೆ. ಕಾವೇರಿಗೊಂದು, ಕಪಿಲೆಗೊಂದು, ಸ್ಫಟಿಕ ಸರೋವರಕ್ಕೊಂದು ಬಿಟ್ಟಳು. ಕೈಯಲ್ಲಿ ಇನ್ನೊಂದು ಉಳಿದಿತ್ತು.

"ಇದು ಯಾರಿಗಮ್ಮ?" ಎಂದು ಪುರೋಹಿತರು ಕೇಳಿದರು.

"ನಮ್ಮ ಹೊಳೆಗೆ."

"ನಾಲ್ಕನೆಯ ನದಿ ಇಲ್ಲಿಲ್ಲವಲ್ಲ ತಾಯಿ."

"ಇದೆ ಸ್ವಾಮಿ. ಮೇಲಿನಿಂದ ಬಂದಿದೆ" ಎಂದು ಅಮ್ಮ ಬಾಗಿ ಎಲೆಯನ್ನು ನೀರಿಗಿಟ್ಟಳು. ಅದು ಅಲ್ಲೇ ಒಂದು ಸುತ್ತು ತಿರುಗಿ, ಮುಂದೆ ಹೋದ ಮೂರರ ಹಿಂದೆ ಹೊರಟಿತು.