ಹುಡುಗ ಉಣ್ಣವಲ್ಲ

17 ಏಪ್ರಿಲ್ 2025, ಗುರುವಾರ, ಬಳ್ಳಾರಿ

ಸಂಜೆ ನಾನು ಬಾಕ್ಸಿಂಗ್ ಕಲಿಸೋ ಜಾಗಕ್ಕೆ ನಮ್ಮ ಹುಡುಗ ಲಂಬುವಿನ ಅವ್ವ ಬಂದಿದ್ದರು. ಹುಡುಗರು ಆಗಷ್ಟೇ ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಅವರು ಒಳಗೆ ಬರೋದೇ ಅಪರೂಪ. ಮಗನಿಗೆ ಗುದ್ದು ಬೀಳೋದನ್ನು ನೋಡೋಕಾಗಲ್ಲ ಅಂತ ಗೇಟಿನ ಹತ್ತಿರವೇ ಡಬ್ಬಿ ಕೊಟ್ಟು ಹೋಗಿಬಿಡ್ತಾರೆ. ಇವತ್ತು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆ ಮುಗಿಸಿ ಸೀದಾ ಒಳಗೇ ಬಂದರು. ಸೆರಗಿನ ತುಂಬ ನೀಲಿ ನೂಲಿನ ಚೂರು. ಕೊರಳಲ್ಲಿ ಇಂಚು ಟೇಪು ಹಾಗೇ ಇತ್ತು.

"ಸರ್, ನಮ್ಮ ಹುಡುಗ ಉಣ್ಣವಲ್ಲ ನೋಡ್ರೀ."

"ಯಾವಾಗಿನಿಂದ ಅಕ್ಕ?"

"ಯುಗಾದಿ ಆದ ಮ್ಯಾಲಿಂದ. ಮೂರು ರೊಟ್ಟಿ ಉಣ್ಣೋನು ಒಂದು ತಿಂದು ಎದ್ದು ಬಿಡ್ತಾನ. ಅನ್ನ ಮುಟ್ಟಂಗಿಲ್ಲ. ನಿನ್ನೆ ರಾತ್ರಿ ಬರೇ ಸೌತಿಕಾಯಿ. ಕೇಳಿದ್ರ ಸರ್ ಹೇಳ್ಯಾರ ಅಂತಾನ. ನೀವು ಹೇಳೀರೇನ್ರೀ?"

ನಾನು ಹೇಳಿದ್ದು ಬೇರೆ. ಯುಗಾದಿ ಸಮಯಕ್ಕೆ ತೂಕ ನೋಡಿದಾಗ 72 ಕೆ.ಜಿ. ಇದ್ದ. ಮೇ ಮೊದಲ ವಾರ ಸೆಲೆಕ್ಷನ್. ಅಷ್ಟರೊಳಗೆ 70ಕ್ಕೆ ಬಾ, ನಿಧಾನಕ್ಕೆ ಇಳಿಸು ಅಂದಿದ್ದೆ. ಒಂದು ತಿಂಗಳಲ್ಲಿ ಎರಡು ಕೆ.ಜಿ. ಏನೂ ಕಷ್ಟ ಇಲ್ಲ. ಆದರೆ ಲಂಬು ತನ್ನಷ್ಟಕ್ಕೆ ತಾನೇ 65 ಅಂತ ತೀರ್ಮಾನ ಮಾಡಿಕೊಂಡು ಕೂತಿದ್ದಾನೆ.

ಕಾರಣ ಗೊತ್ತು. ಈ ತಿಂಗಳ ಮೊದಲ ವಾರ ಬ್ರೆಜಿಲ್‌ನಲ್ಲಿ ವರ್ಲ್ಡ್ ಬಾಕ್ಸಿಂಗ್ ಕಪ್ ಆಯ್ತಲ್ಲ. 70 ಕೆ.ಜಿ. ತೂಕದ ವಿಭಾಗದಲ್ಲಿ ನಮ್ಮ ದೇಶದ ಹಿತೇಶ್‌ಗೆ ಚಿನ್ನ, 65ರಲ್ಲಿ ಅಭಿನಾಶ್ ಜಮ್ವಾಲ್‌ಗೆ ಬೆಳ್ಳಿ. ಅವತ್ತಿನಿಂದ ಎಲ್ಲರ ಮೊಬೈಲಿನಲ್ಲೂ ಅದೇ. "70ರಲ್ಲಿ ಚಿನ್ನದವನು ಇದ್ದಾನೆ ಸರ್, 65ರಲ್ಲಿ ಜಾಗ ಇದೆ" ಅಂತ ಲಂಬು ಅಂದಾಗ ನಾವೆಲ್ಲ ನಕ್ಕಿದ್ದೆವು. ಜಿಲ್ಲೆ ದಾಟಿಲ್ಲ, ಭಾರತ ತಂಡದ ಲೆಕ್ಕ ಹಾಕ್ತಿದ್ದಾನೆ. ಅವನು ಮಾತ್ರ ನಕ್ಕಿರಲಿಲ್ಲ.

ಇದರಲ್ಲಿ ಹೊಸ ತೂಕದ ಪಟ್ಟಿಯ ಪಾಲೂ ಇದೆ. ಮೊದಲು ಗಂಡಸರಿಗೆ 63.5, 67, 71, 75 ಅಂತ ಇತ್ತು. ಈಗ ವರ್ಲ್ಡ್ ಬಾಕ್ಸಿಂಗ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯವರದ್ದು 60, 65, 70, 75. ಮೊದಲು ಒಂದು ಮೆಟ್ಟಿಲು ಇಳಿಯೋಕೆ ನಾಲ್ಕು ಕೆ.ಜಿ. ಸಾಕಿತ್ತು, ಈಗ ಐದು. ಕೈ ಉದ್ದ ಇರೋರಿಗೆ ಕೆಳಗಿನ ಮೆಟ್ಟಿಲು ಯಾವಾಗಲೂ ಆಸೆ ಹುಟ್ಟಿಸುತ್ತೆ. ಎದುರಾಳಿ ಗಿಡ್ಡ ಸಿಗ್ತಾನೆ, ದೂರದಿಂದಲೇ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಹೊಡ್ಕೊಂಡು ಇರಬಹುದು. ಲೆಕ್ಕ ಸರಿ. ಅಲ್ಲಿಗೆ ಇಳಿದಾಗ ಕಾಲಲ್ಲಿ ಶಕ್ತಿ ಉಳಿದಿರಬೇಕು, ಅಷ್ಟೇ.

ಅಕ್ಕನಿಗೆ ಈ ಲೆಕ್ಕವನ್ನು ಹಳೇ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ಎರಡು ಕೆ.ಜಿ.ಗೆ 15,400. ತಿಂಗಳಿಗೆ ಹಂಚಿದರೆ ದಿನಕ್ಕೆ 500 ಚಿಲ್ಲರೆ. ಏಳು ಕೆ.ಜಿ. ಅಂದರೆ 53,900, ದಿನಕ್ಕೆ ಸುಮಾರು 1,800. ಅಷ್ಟು ಕಡಿಮೆ ಮಾಡಬೇಕೆಂದರೆ ಹುಡುಗ ಹೆಚ್ಚೂಕಡಿಮೆ ಗಾಳಿ ಕುಡಿದೇ ಬದುಕಬೇಕು, ಅದರ ಮೇಲೆ ಎರಡು ಹೊತ್ತು ಪ್ರಾಕ್ಟೀಸೂ ಮಾಡಬೇಕು.

ಅವರು ಪೀಸ್ ಲೆಕ್ಕದಲ್ಲಿ ದುಡಿಯೋರು, ಅಂಕಿ ಬೇಗ ಹಿಡಿದರು. "ಹಂಗಾರ ಐನೂರು ಎಲ್ಲಿಂದ ಕಮ್ಮಿ ಮಾಡ್ಲಿ ಹೇಳ್ರಿ" ಎಂದರು. ಬೆಳಿಗ್ಗೆ ಏನು ತಿಂತಾನೆ ಅಂತ ಕೇಳಿದೆ.

"ಓಡಿ ಬಂದು ಗೆಳ್ಯಾರ ಜೊತಿ ಒಗ್ಗರಣಿ-ಮಿರ್ಚಿ ತಿಂತಿದ್ದ. ಈಗ ಅದೂ ಬಿಟ್ಟಾನ."

"ಅದು ಬಿಟ್ಟಿದ್ದು ಒಳ್ಳೇದೇ ಆಯ್ತು. ರೊಟ್ಟಿ ಯಾಕೆ ಬಿಟ್ಟ?"

"ರೊಟ್ಟಿ ತಿಂದ್ರ ಹೊಟ್ಟಿ ಬರ್ತೈತಂತ. ಮೊಬೈಲ್‌ನ್ಯಾಗ ಯಾರೋ ಹೇಳ್ಯಾರ."

ಜೋಳದ ರೊಟ್ಟಿ ತಿಂದು ಹೊಟ್ಟೆ ಬರೋದಾದರೆ ನಮ್ಮ ಕಡೆ ಹೊಲದಲ್ಲಿ ದುಡಿಯೋರಿಗೆಲ್ಲ ಬಂದಿರಬೇಕಿತ್ತು. ಎಣ್ಣೆ ಕಡೆ ನೋಡಿ ಅಕ್ಕ ಅಂದೆ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲರಿ. ಒಂದು ಗ್ರಾಂ ಕೊಬ್ಬಿಗೆ 9, ಅದೇ ಹಿಟ್ಟಿಗೂ ಬೇಳೆಯ ಪ್ರೋಟೀನಿಗೂ ಗ್ರಾಂಗೆ 4. ಹಾಗಾಗಿ ಮಿರ್ಚಿ ಬಿಟ್ಟು, ಪಲ್ಯಕ್ಕೆ ಎಣ್ಣೆ ಕಡಿಮೆ ಮಾಡಿ, ರಾತ್ರಿ ಅನ್ನ ಒಂದು ಸೌಟು ಇಳಿಸಿದರೆ ಐನೂರರ ಹತ್ತಿರ ಬಂದುಬಿಡುತ್ತೆ. ಎರಡು ರೊಟ್ಟಿ, ಪುಂಡಿಪಲ್ಯ, ಗಟ್ಟಿ ಬೇಳೆ, ಮೊಳಕೆ ಹೆಸರುಕಾಳು, ಮಜ್ಜಿಗೆ ಎಲ್ಲ ಇರಲಿ. ಶೇಂಗಾ ಮಾತು ಬಂದಾಗ ಮುಖ ಸಣ್ಣ ಮಾಡಿಕೊಂಡರು. ಶಕ್ತಿ ಬರಲಿ ಅಂತ ಡಬ್ಬಿ ತುಂಬಿ ಕೊಡ್ತಿದ್ದರಂತೆ. ಶೇಂಗಾ ಕೆಟ್ಟದ್ದಲ್ಲ, ನೂರು ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇದೆ, ಜೊತೆಗೆ 560ಕ್ಕಿಂತ ಜಾಸ್ತಿ ಕ್ಯಾಲರಿ. ಒಂದು ಹಿಡಿ ಸಾಕು.

ಪ್ರೋಟೀನ್ ಮಾತ್ರ ಕಡಿಮೆ ಆಗಬಾರದು. ತೂಕ ಇಳಿಸುವಾಗ ಮೈ ತೂಕದ ಒಂದೊಂದು ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ಆದರೂ ಬೇಕು, ಅವನಿಗೆ 115 ಗ್ರಾಂ ಹತ್ತಿರ. ಒಂದು ಮೊಟ್ಟೆಯಲ್ಲಿ 6. ಅಕ್ಕ ಮನಸ್ಸಿನಲ್ಲೇ ಮೊಟ್ಟೆ ರೇಟು ಗುಣಿಸ್ತಿದ್ದದ್ದು ಕಾಣಿಸಿತು. ನನಗೂ ಹೇಳೋಕೆ ಮುಜುಗರ. ತೋರಣಗಲ್ಲಿನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಅಂತ ಕ್ರೀಡಾ ತರಬೇತಿ ಸಂಸ್ಥೆ ಇದೆ, ಇಲ್ಲಿಂದ ಬಸ್ಸಿನಲ್ಲಿ ಹೋಗೋ ದೂರ, ದೇಶದ ಬಾಕ್ಸರುಗಳು ಅಲ್ಲಿ ತಯಾರಾಗ್ತಾರೆ. ಅಲ್ಲಿ ತಟ್ಟೆಯಲ್ಲಿ ಏನು ಬೀಳಬೇಕು ಅಂತ ನೋಡೋಕೇ ಜನ ಇದ್ದಾರೆ. ನಮಗೆ ಲಂಬುವಿನ ಅವ್ವ ಇದ್ದಾರೆ.

ಇದೆಲ್ಲ ಮುಗಿದ ಮೇಲೆ ಅವರು ಮೆಲ್ಲಗೆ ಇನ್ನೊಂದು ವಿಷಯ ತೆಗೆದರು. ಮಧ್ಯಾಹ್ನ ಮಾಳಿಗೆ ಮೇಲೆ ರೇನ್‌ಕೋಟ್ ಹಾಕಿಕೊಂಡು ಸ್ಕಿಪ್ಪಿಂಗ್ ಆಡ್ತಾನಂತೆ. ಏಪ್ರಿಲ್ ತಿಂಗಳು. ಬಳ್ಳಾರಿ ಬಿಸಿಲು. ರೇನ್‌ಕೋಟು!

ನನಗೆ ತಲೆ ಕೆಟ್ಟುಹೋಯ್ತು. ಬ್ಯಾಗ್ ಹತ್ತಿರ ಇದ್ದವನನ್ನು ಕರೆದೆ.

"ಲೇ, ಯಾರೋ ಹೇಳಿದ್ದು ನಿನಗೆ?"

"ಮೇರಿ ಕೋಮ್ ಕೂಡ ಮಾಡಿದ್ರಲ್ಲ ಸರ್. ಪೋಲೆಂಡ್‌ನಲ್ಲಿ ನಾಲ್ಕು ತಾಸಿನಲ್ಲಿ ಎರಡು ಕೆ.ಜಿ. ಇಳಿಸಿದ್ರು."

ಮಾಡಿದ್ದು ನಿಜ. 2018ರಲ್ಲಿ, ಸ್ಕಿಪ್ಪಿಂಗ್ ಆಡಿಯೇ 48ರೊಳಗೆ ಬಂದು ಚಿನ್ನನೂ ಗೆದ್ದರು. ಆದರೆ ಅಷ್ಟು ಹೊತ್ತಿನಲ್ಲಿ ಹೋಗೋದು ನೀರು. ಒಂದು ಲೀಟರ್ ಬೆವರು ಒಂದು ಕೆ.ಜಿ., ನೀರು ಕುಡಿದರೆ ವಾಪಸ್. ಕೊಬ್ಬು ಅಲ್ಲೇ ಕೂತಿರುತ್ತೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ಹೀಗೇ ತೂಕ ಇಳಿಸೋಕೆ ಹೋಗಿ ಸತ್ತರು. ಬೆವರು ಬರಿಸೋ ಸೂಟು ಹಾಕಿ, ಬಿಸಿ ಜಾಗದಲ್ಲಿ ವ್ಯಾಯಾಮ, ನೀರು ಬಂದ್. ಮೂವರೂ ನಮ್ಮ ಲಂಬು ವಯಸ್ಸಿನ ಆಸುಪಾಸಿನವರೇ. ಆಮೇಲೆ ಅಲ್ಲಿ ಆ ಸೂಟುಗಳನ್ನೇ ನಿಷೇಧ ಮಾಡಿದರು. ಇದನ್ನು ಅವ್ವನ ಮುಂದೆಯೇ ಹೇಳಿದೆ. ಬೇಕಂತಲೇ ಹೇಳಿದೆ.

ಅದೂ ಅಲ್ಲದೆ ಪ್ರೊಫೆಷನಲ್‌ಗಳಿಗೆ ಹಿಂದಿನ ದಿನ ತೂಕ ನೋಡ್ತಾರೆ, ರಾತ್ರಿಯೆಲ್ಲ ಕುಡಿದು ತಿಂದು ಸುಧಾರಿಸಿಕೊಳ್ಳಬಹುದು. ನಮ್ಮಲ್ಲಿ ಆಟ ಇರೋ ದಿನವೇ ಬೆಳಿಗ್ಗೆ ತೂಕ. ಫೈನಲ್‌ವರೆಗೆ ಹೋದರೆ ಆಟ ಇರೋ ಪ್ರತಿ ದಿನವೂ ತೂಕ. ಒಣಗಿದ ಮೈಯಲ್ಲೇ ರಿಂಗ್ ಹತ್ತಬೇಕು. ಮೂರು ನಿಮಿಷದ ಮೂರು ರೌಂಡು, ಮಧ್ಯೆ ಒಂದೊಂದು ನಿಮಿಷ. ಎರಡನೇ ರೌಂಡಿನಲ್ಲಿ ಕೈ ಮೇಲೆ ಏಳಲ್ಲ. ಗುದ್ದು ಬೀಳೋದು ತಲೆಗೆ ಅನ್ನೋದನ್ನೂ ಮರೀಬಾರದು.

"ಟಿ.ವಿ.ಯಾಗ ಬಂದಿತ್ತಲ್ರೀ, ಆ ಕುಸ್ತಿ ಹುಡುಗಿ" ಎಂದರು ಅಕ್ಕ. ವಿನೇಶ್ ಫೋಗಟ್ ಬಗ್ಗೆ. "ರಾತ್ರಿಯೆಲ್ಲ ಓಡ್ಯಾಳ, ಕೂದಲಾನೂ ಕತ್ತರಿಸ್ಯಾರ, ಆದ್ರೂ ನೂರು ಗ್ರಾಂ ಹೆಚ್ಚಾಗಿತ್ತಂತ. ನೂರು ಗ್ರಾಂ ಅಂದ್ರ ಎಷ್ಟ್ರೀ, ಒಂದು ಜೀನ್ಸ್ ಪ್ಯಾಂಟಿನ ಎರಡು ಜೇಬಿನ ಬಟ್ಟಿ ಇರಬಹುದು." ಲಂಬು ಕೆಳಗೆ ನೋಡ್ತಾ ನಿಂತಿದ್ದ.

ಅವನನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿದೆ. 69.2. ಅವನ ಮುಖದಲ್ಲಿ ಖುಷಿ. ನೋಡಿ, ಇಳಿದಿದೆ ಅನ್ನೋ ಥರ.

ಆಗ ಅಕ್ಕ ಕೊರಳಿನ ಟೇಪು ತೆಗೆದರು. "ಬಾ ಇಲ್ಲಿ, ಉಸುರು ಬಿಡು, ಹೊಟ್ಟಿ ಎಳಕೊಬ್ಯಾಡ." ಹೊಕ್ಕುಳ ಮೇಲೆ ಟೇಪು ಸುತ್ತಿ, ಬೆರಳಿನಲ್ಲಿ ಒತ್ತಿ ಹಿಡಿದು ಓದಿದರು. ಮೂವತ್ಮೂರೂವರೆ. ಯುಗಾದಿ ಪ್ಯಾಂಟಿಗೆ ಅಳತೆ ತಗೊಂಡಾಗ ಮೂವತ್ನಾಲ್ಕು ಇತ್ತಂತೆ. ಪುಸ್ತಕ ನೋಡಲಿಲ್ಲ, ತಲೆಯಲ್ಲೇ ಇತ್ತು. ನಾನು ಪರವಾಗಿಲ್ಲ ಅಂತ ಹೇಳೋಕೆ ಹೊರಟೆ. ಅಷ್ಟರಲ್ಲಿ ಕೂತು ತೊಡೆಗೆ ಸುತ್ತಿದರು. ಇಪ್ಪತ್ತೆರಡು. ಇನ್ನೊಮ್ಮೆ ಸುತ್ತಿದರು. ಇಪ್ಪತ್ತೆರಡೇ. "ತೊಡಿ ಇಪ್ಪತ್ಮೂರು ಇತ್ತಲ್ಲೋ. ಸೊಂಟ ಅರ್ಧ ಇಂಚು ಇಳಿದು ತೊಡಿ ಒಂದಿಂಚು ಇಳಿದ್ರ ಪ್ಯಾಂಟ್ ಹೆಂಗ್ ಕೂಡತೈತಿ?"

ಮಿಷನ್ನಿಗೆ ತಿಳಿಯದ ವಿಷಯ ಇದು. ಹೊಟ್ಟೆಯ ಕೊಬ್ಬು ಕರಗೋದಕ್ಕಿಂತ ಜಾಸ್ತಿ ಕಾಲಿನ ಮಾಂಸಖಂಡ ಸೊರಗಿದೆ. ಪಂಚ್ ಬರೋದೇ ಕಾಲಿನಿಂದ, ಅಲ್ವಾ? ಇಳಿದ ತೂಕದಲ್ಲಿ ಮಿಕ್ಕಿದ್ದು ನೀರು. ಅನ್ನ, ರೊಟ್ಟಿ ಬಿಟ್ಟ ಕೂಡಲೇ ಮಾಂಸಖಂಡದಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಶಕ್ತಿಗೆ ಬೇಕಾದ ಸಕ್ಕರೆಯ ದಾಸ್ತಾನು, ಖಾಲಿಯಾಗುತ್ತೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತೆ. ಅದಕ್ಕೇ ಮೊದಲ ವಾರ ಎಲ್ಲರಿಗೂ ಮುಳ್ಳು ಸರ್ರನೆ ಇಳಿಯುತ್ತೆ. ರಿಂಗಿನಲ್ಲಿ ಓಡೋದು ಮಾತ್ರ ಅದೇ ಗ್ಲೈಕೋಜನ್ ಮೇಲೆ.

ಲಂಬು ಟೇಪನ್ನೇ ನೋಡ್ತಿದ್ದ. ನಾನು ಹೇಳಿದ್ದಕ್ಕಿಂತ ಅದು ಜಾಸ್ತಿ ನಾಟಿತು ಅನ್ಸುತ್ತೆ. ಸರಿ, 70ರಲ್ಲೇ ಆಡ್ತೀನಿ ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವ್ವ ತಂದ ಡಬ್ಬಿ ಬಿಚ್ಚಿದ. ಪ್ರಾಕ್ಟೀಸ್‌ಗೆ ಮೊದಲೇ ತಿನ್ನಬೇಡವೋ ಅಂತ ಬೈಯಬೇಕಾಯ್ತು!

ಮುಂದಿನ ಎರಡು ವಾರ ತೂಕ ಇಳಿಸೋ ಮಾತೇ ಇಲ್ಲ. ಊಟ ಸರಿ ಮಾಡೋದು, ವಾರಕ್ಕೆ ಎರಡು ದಿನ ಭಾರ ಹೊತ್ತು ಬಸ್ಕಿ, ಗುಡ್ಡದ ಮೆಟ್ಟಿಲು ಒಂದು ದಿನ, ಬ್ಯಾಗ್ ಮೇಲೆ ಮೂರು ನಿಮಿಷದ ರೌಂಡು. ಹೊಟ್ಟೆ ಕರಗಲಿ ಅಂತ ನೂರಾರು ಸಿಟ್-ಅಪ್ ಹೊಡೆಯೋದು ಬಂದ್. ಹೊಟ್ಟೆ ಗಟ್ಟಿಯಾಗುತ್ತೆ ಅಷ್ಟೇ, ಕೊಬ್ಬು ಎಲ್ಲಿಂದ ಕರಗಬೇಕು ಅನ್ನೋದು ನಾವು ಹೇಳಿದ ಹಾಗೆ ಕೇಳಲ್ಲ. ಒಬ್ಬ ಜಿಮ್‌ನವನು ಅವನಿಗೆ ಫ್ಯಾಟ್ ಬರ್ನರ್ ಅಂತ ಡಬ್ಬಿ ಮಾರಿದ್ದಾನೆ. ಒಳಗೆ ಏನೇನಿದೆಯೋ, ನಾಳೆ ಡೋಪ್ ಟೆಸ್ಟಿನಲ್ಲಿ ಸಿಕ್ಕಿಬಿದ್ದರೆ ಜಿಮ್‌ನವನು ಬರ್ತಾನಾ? ಅಕ್ಕನ ಎರಡು ದಿನದ ಕೂಲಿ ಅದು.

ನಳದ ನೀರು ಇವತ್ತೂ ಬರಲಿಲ್ಲ. ನಮ್ಮ ಮನೆಯವಳು ಟ್ಯಾಂಕರ್‌ಗೆ ಫೋನ್ ಮಾಡಿದ್ದಾಳೆ. ಊಟದ ಹೊತ್ತಿಗೆ ಅವಳಿಗೆ ಟೇಪಿನ ಕಥೆ ಹೇಳಿದರೆ, "ನಿಮ್ಮ ಸೊಂಟಾನೂ ಅಳೀಬೇಕಿತ್ತು ಆ ಅಕ್ಕ" ಅಂದಳು. ಸುಮ್ನೆ ರೊಟ್ಟಿ ಮುರಿದೆ.

ಆದರೆ ತಲೆಯಲ್ಲಿ ಕೊರೀತಿರೋದು ಲಂಬು ಅಲ್ಲ. ಅಷ್ಟೂ ಹೊತ್ತು ಸಬ್ ಜೂನಿಯರ್ ಹುಡುಗ ಒಬ್ಬ ಮೂಲೆಯಲ್ಲಿ ಹಗ್ಗ ಹಿಡಿದು ಎಲ್ಲ ಕೇಳಿಸಿಕೊಳ್ತಿದ್ದ. ಹೋಗುವಾಗ ಹತ್ತಿರ ಬಂದು, "ಸರ್, ನಾನೂ ರಾತ್ರಿ ಊಟ ಬಿಟ್ಟೀನಿ, ಮತ್ತೆ ಶುರು ಮಾಡ್ಲಾ?" ಎಂದ. ಬೆಳೆಯೋ ವಯಸ್ಸು. ಅವನಿಗೆ ಯಾರೂ ತೂಕ ಇಳಿಸು ಅಂದೇ ಇಲ್ಲ. ಅವರಪ್ಪನ ಜೊತೆ ಮಾತಾಡಬೇಕು. ಈಗ ಫೋನ್ ಮಾಡಿದರೆ ಗಾಬರಿಯಾಗ್ತಾರೆ. ಬೆಳಿಗ್ಗೆ ಅಂದರೆ ತೋರಣಗಲ್ಲಿಗೆ ಮೊದಲ ಶಿಫ್ಟ್‌ಗೆ ಹೋಗಿರ್ತಾರೆ. ಅಜ್ಜಿಗೆ ಹೇಳೋಣ ಅಂದರೆ ಅವರಿಗೆ ಕಿವಿ ಸ್ವಲ್ಪ ಮಂದ, ಹುಡುಗನೇ ನಡುವೆ ನಿಂತು ತಿರುಗಿಸಿ ಹೇಳ್ತಾನೆ, ಹಾಗಾಗಿ ಭಾನುವಾರದವರೆಗೆ ಕಾಯೋದಾ, ಇಲ್ಲ ನಾಳೆ ಸಂಜೆ ನಾನೇ ಡಬ್ಬಿ ಕಟ್ಟಿಸಿಕೊಂಡು ಹೋಗಿ ಮಾತಾಡೋದಾ?